ಮಸುಕಾದ ಗೆರೆಯನ್ನು ಪರಿಗಣಿಸತಕ್ಕದ್ದಲ್ಲ

ಸಾಕುಪಕ್ಷಿ ತಳಿ ಸಮತೋಲನ ಕಚೇರಿಯು ಹನ್ನೊಂದು ವರ್ಷಗಳಲ್ಲಿ ನಾನೂರ ಆರು ಹಿಂಡುಗಳನ್ನು ಪರೀಕ್ಷೆಗೆ ಒಳಪಡಿಸಿದ್ದು, ಅವುಗಳಲ್ಲಿ ಒಂದೇ ಒಂದು ಹಿಂಡೂ ತೇರ್ಗಡೆಯಾಗಿರಲಿಲ್ಲ. ಇದನ್ನು ಕಚೇರಿಯ ಕಟ್ಟುನಿಟ್ಟಿಗೆ ಸಾಕ್ಷಿಯೆಂದು ದಾಖಲಿಸಲಾಗಿತ್ತು. ನಿರ್ದೇಶಕರ ಕೊಠಡಿಯ ಗೋಡೆಯ ಮೇಲೆ ಈ ಸಾಧನೆಗಾಗಿ ಬಂದ ಮೂರು ಫಲಕಗಳಿದ್ದವು.

ಕಾಯಿದೆ ಸರಳವಾಗಿತ್ತು. ನೂರಕ್ಕಿಂತ ಹೆಚ್ಚು ಬಾತು ಅಥವಾ ಕೋಳಿ ಸಾಕುವವರು ತಮ್ಮ ಹಿಂಡಿಗೆ ಸಮತೋಲನ ಪ್ರಮಾಣಪತ್ರ ಪಡೆಯಬೇಕು. ಹಿಂಡಿನ ಪಕ್ಷಿಗಳು ಒಡಹುಟ್ಟಿದವುಗಳ ಜೊತೆಗೇ ಸಂಸಾರ ಮಾಡುತ್ತಿಲ್ಲ ಎಂಬುದಕ್ಕೆ ಆ ಪತ್ರವೇ ಪುರಾವೆ. ಪತ್ರ ಸಿಗದ ಹಿಂಡನ್ನು ಬರಖಾಸ್ತು ಮಾಡಿ, ಪಕ್ಷಿಗಳನ್ನು ಹತ್ತು ಹತ್ತರಂತೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಮನೆಗಳಿಗೆ ಹಂಚಬೇಕು. ತಮಗೆ ಪರಸ್ಪರ ಪರಿಚಯವಿಲ್ಲವೆಂದು ಆ ಮನೆಗಳವರೆಲ್ಲ ಒಂದೆಡೆ ಸೇರಿ, ಮಾತಾಡಿಕೊಂಡು, ಒಂದೇ ಹಾಳೆಯ ಮೇಲೆ ಸಹಿ ಮಾಡಿಕೊಡಬೇಕು.

ಪರೀಕ್ಷೆಯೂ ಸರಳವಾಗಿತ್ತು. ಹಕ್ಕಿಯ ರಕ್ತದಿಂದ ತೆಗೆದ ಡಿಎನ್‌ಎಯ ಒಂದು ತುಂಡನ್ನು ಮೆಷಿನ್ನಿನಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸಿ ಜೆಲ್ಲೆಂಬ ಲೋಳೆಯ ಹಾಳೆಯ ಮೇಲೆ ಓಡಿಸಿದರೆ ಅದು ಗೆರೆಯಾಗಿ ಕಾಣುತ್ತದೆ. ತಾಯಿಯಿಂದ ಬಂದದ್ದು ಒಂದು, ತಂದೆಯಿಂದ ಬಂದದ್ದು ಒಂದು. ಗಿಡ್ಡ ತುಂಡು ಕೆಳಗೆ ನಿಲ್ಲುತ್ತದೆ, ಉದ್ದ ತುಂಡು ಮೇಲೆ. ಎರಡೂ ಕಡೆಯಿಂದ ಒಂದೇ ಬಗೆ ಬಂದಿದ್ದರೆ ಒಂಟಿ ಗೆರೆ. ಬೇರೆ ಬೇರೆ ಬಂದಿದ್ದರೆ ಜೋಡಿ ಗೆರೆ. ಹಿಂಡಿನಲ್ಲಿ ಒಟ್ಟು ಗಿಡ್ಡ ತುಂಡು ಎಷ್ಟು, ಉದ್ದ ತುಂಡು ಎಷ್ಟು ಎಂದು ಗೊತ್ತಾದರೆ, ಹಕ್ಕಿಗಳು ನೆಂಟಸ್ತಿಕೆ ನೋಡದೆ ಕೂಡುತ್ತಿದ್ದಲ್ಲಿ ಜೋಡಿ ಗೆರೆಯವು ಎಷ್ಟಿರಬೇಕೆಂದು ಲೆಕ್ಕ ಹಾಕಬಹುದು. ಅಷ್ಟಿದ್ದರೆ ಸಮತೋಲನ. ಕಡಿಮೆ ಬಿದ್ದರೆ ಮುಖ್ಯವಾಗಿ ಎರಡು ಕಾರಣ: ಹಕ್ಕಿಗಳು ನೆಂಟರನ್ನೇ ಕೂಡುತ್ತಿವೆ, ಇಲ್ಲವೇ ಎಣಿಸಿದವರು ತಪ್ಪಾಗಿ ಎಣಿಸಿದ್ದಾರೆ. ನಮೂನೆಯಲ್ಲಿ ಕಾರಣ ಬರೆಯಲು ಒಂದೇ ಸಾಲಿನ ಜಾಗವಿದ್ದುದರಿಂದ ಮೊದಲನೆಯದನ್ನು ಮೊದಲೇ ಅಚ್ಚು ಹಾಕಿಸಲಾಗಿತ್ತು.

ಈ ಗೆರೆಗಳನ್ನು ಎಣಿಸಲು ಮೂರು ವರ್ಷದ ಹಿಂದೆ ಒಬ್ಬಳು ಕೆಲಸಕ್ಕೆ ಸೇರಿದ್ದಳು. ಹುದ್ದೆಯ ಹೆಸರು ಗೆರೆ ಓದುಗರು, ದರ್ಜೆ ಮೂರು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಗೆರೆಯಮ್ಮ ಎನ್ನುತ್ತಿದ್ದರು. ಹಿಂಬದಿಯ ಸಣ್ಣ ಕೋಣೆ ಅವಳದು. ಅಲ್ಲಿ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಒಂದು ಭೂತಗನ್ನಡಿ, ಒಂದು ಕಾಲು ಗಿಡ್ಡವಾದ ಸ್ಟೂಲು, ಮತ್ತೊಂದು ಫ್ರಿಜ್ಜು. ಫ್ರಿಜ್ಜಿನ ಎಡಭಾಗದಲ್ಲಿ ಹಕ್ಕಿಗಳ ರಕ್ತ, ಬಲಭಾಗದಲ್ಲಿ ಸಿಬ್ಬಂದಿಯ ಊಟದ ಡಬ್ಬಿಗಳು. ನಡುವೆ ಬಿಳಿ ಟೇಪು ಅಂಟಿಸಿ, ಎರಡು ಕಡೆಯವರೂ ದಾಟಬಾರದೆಂದು ಸುತ್ತೋಲೆ ಹೊರಡಿಸಲಾಗಿತ್ತು.

ಉದ್ದ ತುಂಡಿನದು ಒಂದು ಸ್ವಭಾವ. ಅದು ಮೆಷಿನ್ನಿನಲ್ಲಿ ಗಿಡ್ಡದರಷ್ಟು ಚೆನ್ನಾಗಿ ಹೆಚ್ಚುವುದಿಲ್ಲ. ರಕ್ತ ನಾಲ್ಕು ದಿನ ಹಳತಾದರಂತೂ ಜೋಡಿ ಗೆರೆಯಲ್ಲಿ ಮೇಲಿನದು ತೀರ ಮಸುಕಾಗಿ, ಉಸಿರು ತಾಗಿದ ಗಾಜಿನ ಹಾಗೆ ಬೀಳುತ್ತದೆ. ನೋಡಿದರೆ ಕಾಣುತ್ತದೆ. ಆದರೆ ಕಚೇರಿಯನ್ನು ಸ್ಥಾಪಿಸಿದ ಮೊದಲ ನಿರ್ದೇಶಕರಿಗೆ ದೃಷ್ಟಿ ಮಂದವಾಗಿತ್ತು. ಕನ್ನಡಕ ಹಾಕಿದರೆ ಕೈಕೆಳಗಿನವರು ಸದರ ಮಾಡಿಕೊಳ್ಳುತ್ತಾರೆಂದು ಅವರು ಹಾಕುತ್ತಿರಲಿಲ್ಲ. ತಮಗೆ ಕಾಣದ ಗೆರೆ ಮೂರನೇ ದರ್ಜೆಯವರಿಗೆ ಕಾಣುವುದು ಶಿಸ್ತಿಗೆ ವಿರುದ್ಧವೆನಿಸಿ ಅವರು ನಿಯಮ ಹದಿನಾಲ್ಕನ್ನು ಬರೆಸಿದರು: “ಮಸುಕಾದ ಗೆರೆಯನ್ನು ಪರಿಗಣಿಸತಕ್ಕದ್ದಲ್ಲ.” ಮುಂದೆ ಅವರು ನಿವೃತ್ತರಾದರು, ಕನ್ನಡಕ ಹಾಕಿಕೊಂಡರು, ಈಗ ಎಲ್ಲವನ್ನೂ ಸ್ಪಷ್ಟವಾಗಿ ನೋಡುತ್ತಾ ಸುಖವಾಗಿದ್ದಾರೆ. ನಿಯಮ ಕಚೇರಿಯಲ್ಲೇ ಉಳಿಯಿತು.

ಗೆರೆಯಮ್ಮ ಕ್ರಮದ ಹುಡುಗಿ. ಮೂರು ವರ್ಷ ನಿಯಮದಂತೆ ಎಣಿಸಿದಳು. ಮಸುಕು ಕಂಡಲ್ಲಿ ಕಣ್ಣು ಮುಂದಕ್ಕೆ ಸರಿಸುವುದು ಅವಳಿಗೆ ಅಭ್ಯಾಸವಾಗಿತ್ತು.

ನಾನೂರ ಏಳನೆಯ ಹಿಂಡು ಬಂದದ್ದು ಒಂದು ಸೋಮವಾರ. ಇನ್ನೂರು ಬಾತು. ಯಾರ ಹಿಂಡೆಂದು ಗೆರೆ ಓದುವವರಿಗೆ ತಿಳಿಯಬಾರದೆಂದು ಹೆಸರು, ವಿಳಾಸ ಎಲ್ಲ ಲಕೋಟೆಯಲ್ಲಿ ಅಂಟು ಹಾಕಿರುತ್ತಿದ್ದವು. ಅವಳು ಎರಡು ದಿನ ಕೂತು ಎಣಿಸಿದಳು. ಗಿಡ್ಡ ಒಂಟಿ ಗೆರೆ ತೊಂಬತ್ತೊಂದು, ಉದ್ದ ಒಂಟಿ ಗೆರೆ ನಲವತ್ತೊಂಬತ್ತು, ಜೋಡಿ ಅರವತ್ತು. ಜೋಡಿ ಇರಬೇಕಾಗಿದ್ದದ್ದು ತೊಂಬತ್ತಾರು. ಕೋಷ್ಟಕ ನೋಡಿ ಷರಾ ಬರೆದಳು: “ಸದರಿ ಹಿಂಡಿನ ತಂದೆ ತಾಯಿಗಳು ಅಣ್ಣ ತಂಗಿಯರಿಗಿಂತ ಸುಮಾರು ಒಂದೂವರೆ ಪಟ್ಟು ಹತ್ತಿರದ ಸಂಬಂಧಿಗಳಾಗಿರುತ್ತಾರೆ.” ಅಣ್ಣ ತಂಗಿಗಿಂತ ಒಂದೂವರೆ ಪಟ್ಟು ಹತ್ತಿರದವರನ್ನು ಏನೆಂದು ಕರೆಯಬೇಕೆಂದು ತೀರ್ಮಾನಿಸಲು ಒಂದು ಸಮಿತಿ ಮೊದಲೇ ಇತ್ತು, ಅದು ಆರು ವರ್ಷದಿಂದ ಸಭೆ ಸೇರುತ್ತಿತ್ತು.

ಸಹಿ ಹಾಕಿದ ಮೇಲೆ ಹೆಡ್‌ಗುಮಾಸ್ತರು ಲಕೋಟೆ ಒಡೆದು ವಿಳಾಸ ಓದಿದರು. ಅದು ಗೆರೆಯಮ್ಮನನ್ನು ಸಾಕಿದ ದೊಡ್ಡಮ್ಮನ ಮನೆಯ ವಿಳಾಸ. ಅವಳ ಮನೆಯೂ ಅದೇ. ಹಗಲಿನಲ್ಲಿ ಬಂದು ಬಾತುಗಳ ರಕ್ತ ತೆಗೆದುಕೊಂಡು ಹೋದವರ ಸುದ್ದಿಯನ್ನು ದೊಡ್ಡಮ್ಮ ಹೇಳಿರಲಿಲ್ಲ.

ಬಾತು ಸಾಕುವವರೆಲ್ಲ ಕಾಯಿದೆಗೆ ಹೆದರಿ ತೊಂಬತ್ತೊಂಬತ್ತಕ್ಕೆ ಎಣಿಕೆ ನಿಲ್ಲಿಸುತ್ತಿದ್ದರು. ದೊಡ್ಡಮ್ಮ ಮಾತ್ರ ಇನ್ನೂರೆಂದು ತಾನಾಗಿಯೇ ಬರೆದುಕೊಟ್ಟಿದ್ದಳು. ಸಂಜೆ ಹಿತ್ತಲಿನಲ್ಲಿ, ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ನೋಟಿಸನ್ನು ಮೊಟ್ಟೆಬುಟ್ಟಿಯ ಮೇಲೆ ಹರವಿಕೊಂಡು ಅವಳು ಕೇಳಿದಳು:

“ಪುಟ್ಟೀ, ಇದೇನೇ ಇದು? ಮೂವತ್ತು ದಿನದಲ್ಲಿ ಬರಖಾಸ್ತು ಅಂತ ಬರೆದವ್ರೆ. ಇವು ಏನು ವಿಧಾನಸಭೆಯಾ?”

“ಪರೀಕ್ಷೇಲಿ ಫೇಲಾಗಿವೆ ದೊಡ್ಡಮ್ಮ.”

“ಯಾರು ಫೇಲು ಮಾಡಿದ್ದು?”

ಗೆರೆಯಮ್ಮ ನೋಟಿಸಿನ ಕೊನೆಯಲ್ಲಿದ್ದ ತನ್ನ ಸಹಿಯ ಮೇಲೆ ಬೆರಳಿಟ್ಟಳು.

ದೊಡ್ಡಮ್ಮ ಸಹಿಯನ್ನು ನೋಡಿದಳು, ಅವಳನ್ನು ನೋಡಿದಳು. “ನಿನ್ನ ಕೈಬರಹ ಏನೋ ಚೆನ್ನಾಗೇ ಇದೆ” ಎಂದಳು. ನೋಟಿಸು ಮಡಚುತ್ತ ಮುಂದುವರಿಸಿದಳು: “ನೀನು ಅಲ್ಲೇ ಇದ್ದೀಯಲ್ಲ, ಸುಳ್ಳು ಲೆಕ್ಕ ಕೊಟ್ರೆ ನಿನಗೇ ಕೆಟ್ಟ ಹೆಸರು ಅಂತ ನಿಜ ಬರೆದೆ ಕಣೇ. ಹೋಗ್ಲಿ. ಆ ಕುಂಟಗಾಲಿನ ಹೆಣ್ಣಿದೆಯಲ್ಲ, ಅದು ನಾನು ಕರೆದ್ರೆ ಮಾತ್ರ ಗೂಡು ಸೇರೋದು. ಅದನ್ನ ಯಾರ ಮನೆಗೆ ಕೊಡ್ತಾರೋ ಅವರಿಗೆ ನನ್ನ ಹಾಗೆ ಕೂಗೋದು ಹೇಳಿಕೊಟ್ಟು ಬಾ.”

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನ ಅವಳು ಜೆಲ್ಲಿನ ಹಾಳೆಗಳನ್ನು ಮತ್ತೆ ಮೇಜಿನ ಮೇಲೆ ಹರವಿದಳು. ಈ ಸಲ ಮಸುಕಾದವನ್ನೂ ಎಣಿಸಿದಳು. ಗಿಡ್ಡ ಒಂಟಿ ಗೆರೆಯೆಂದು ಬರೆದಿದ್ದ ತೊಂಬತ್ತೊಂದರಲ್ಲಿ ನಲವತ್ತೊಂದಕ್ಕೆ ಮೇಲೆ ಮಸುಕು ಗೆರೆ ಇತ್ತು. ಅವನ್ನು ಸೇರಿಸಿದರೆ ಜೋಡಿ ನೂರಾ ಒಂದು. ಇರಬೇಕಾದದ್ದು ನೂರು. ದೊಡ್ಡಮ್ಮನ ಬಾತುಗಳ ನಡತೆಯಲ್ಲಿ ಯಾವ ಕಳಂಕವೂ ಇರಲಿಲ್ಲ.

ಅವಳು ಎರಡು ಲೆಕ್ಕಗಳನ್ನೂ ಅಕ್ಕಪಕ್ಕ ಬರೆದು ನಿರ್ದೇಶಕರ ಮುಂದಿಟ್ಟಳು. ನಿರ್ದೇಶಕರು ಮೃದು ಮಾತಿನ ಮನುಷ್ಯ. ಅವರ ಕಣ್ಣುಗಳು ಚೆನ್ನಾಗಿದ್ದವು, ಆದರೆ ಮೇಲಧಿಕಾರಿಗಳ ನಿಯಮಕ್ಕೆ ಗೌರವ ಕೊಟ್ಟು ಅವನ್ನು ಹೆಚ್ಚು ಬಳಸುತ್ತಿರಲಿಲ್ಲ.

“ಇದು ಗೆರೆಯಾ?” ಎಂದು ಹಾಳೆಯನ್ನು ಕಿಟಕಿಗೆ ಹಿಡಿದು ಕೇಳಿದರು.

“ಹೌದು ಸಾರ್. ಕಾಣ್ತಾ ಇದೆಯಲ್ಲ?”

“ಕಾಣ್ತಾ ಇದೆ. ಕಾಣೋದು ಬೇರೆ, ಪರಿಗಣಿಸೋದು ಬೇರೆ ಅಮ್ಮ. ನಾನು ದಿನಾ ಎಷ್ಟೋ ಕಾಣ್ತೀನಿ.”

“ಆದ್ರೆ ಸಾರ್, ಇದನ್ನ ಬಿಟ್ಟು ಎಣಿಸಿದ್ರೆ ಯಾವ ಹಿಂಡಾದ್ರೂ ಫೇಲಾಗುತ್ತೆ. ಜೋಡಿ ಗೆರೆಯವೆಲ್ಲ ಒಂಟಿ ಗೆರೆ ಲೆಕ್ಕಕ್ಕೆ ಸೇರಿಬಿಡ್ತವೆ. ತಪ್ಪು ಬಾತುಗಳದ್ದಲ್ಲ, ನಮ್ಮದು.”

ನಿರ್ದೇಶಕರು ಹಾಳೆ ಕೆಳಗಿಟ್ಟರು. “ಕೂತ್ಕೋ. ಆರು ವರ್ಷದ ಹಿಂದೆ ನನಗೂ ಅನುಮಾನ ಬಂದಿತ್ತು. ದೂರದ ಪ್ರಾಂತ್ಯದಿಂದ ನಲವತ್ತು ಗಂಡು ಬಾತು ತರಿಸಿ ಇಲ್ಲಿನ ಒಂದು ಹಿಂಡಿಗೆ ಸೇರಿಸಿದ್ವಿ. ಇಲ್ಲಿನವರ ಮುಖ ಕಂಡವಲ್ಲ ಅವು. ಎರಡು ವರ್ಷ ಬಿಟ್ಟು ಮರಿಗಳನ್ನ ಪರೀಕ್ಷೆ ಮಾಡಿದ್ವಿ. ಏನು ಬಂತು ಹೇಳು?”

“ಫೇಲು.”

“ಫೇಲು! ಬಂದ ಕೂಡಲೇ ಇಲ್ಲಿನವಕ್ಕೆ ನೆಂಟರಾಗಿಬಿಟ್ಟಿದ್ವು. ಅಂಥ ಹಕ್ಕಿ ಅದು. ನೀನು ಅವನ್ನ ವಹಿಸ್ಕೊಂಡು ಮಾತಾಡ್ತೀಯ.” ಅವರು ದನಿ ತಗ್ಗಿಸಿದರು. “ಈಗ ನೀನು ಹೇಳಿದ್ದು ನಿಜ ಅಂತ ಇಟ್ಕೊಳ್ಳೋಣ. ನಾನೂರ ಆರು ಹಿಂಡು ವಾಪಸ್ ಕೊಡಬೇಕಾಗುತ್ತೆ. ಹಂಚಿದ ಹಕ್ಕಿಗಳಲ್ಲಿ ಮುಕ್ಕಾಲು ಪಾಲು ಜನ ತಿಂದಿದ್ದಾರೆ. ತಿಂದದ್ದನ್ನ ಹಿಂಡಿಗೆ ಸೇರ್ಸೋಕಾಗುತ್ತಾ?”

ಆಗುವುದಿಲ್ಲವೆಂದು ಗೆರೆಯಮ್ಮ ಒಪ್ಪಿದಳು.

“ಬರೆದು ಕೊಡು ಬೇಕಾದ್ರೆ. ಮೇಲಕ್ಕೆ ಕಳಿಸ್ತೀನಿ. ಎರಡು ವರ್ಷದೊಳಗೆ ಉತ್ತರ ಬರುತ್ತೆ.”

ನೋಟಿಸಿನಲ್ಲಿ ಉಳಿದಿದ್ದದ್ದು ಇಪ್ಪತ್ತೆಂಟು ದಿನ.

ಅವಳು ವಿಜ್ಞಾನ ಓದಿದವಳು. ವಾದ ಸೋತರೆ ಪ್ರಯೋಗ ಮಾಡಬೇಕೆಂದು ಕಲಿತಿದ್ದಳು. ನೆಂಟಸ್ತಿಕೆ ಇಲ್ಲವೆಂದು ಮೊದಲೇ ಗೊತ್ತಿರುವ ಒಂದು ಗುಂಪನ್ನು ಇದೇ ನಿಯಮದಂತೆ ಪರೀಕ್ಷಿಸಿದರೆ ಪರೀಕ್ಷೆಯ ಬಣ್ಣ ಬಯಲಾಗುತ್ತದೆ. ಅಂಥ ಗುಂಪು ಎಲ್ಲಿದೆ? ಅವಳು ಹೆಡ್‌ಗುಮಾಸ್ತರ ಹತ್ತಿರ ಹೋದಳು. ಹೆಡ್‌ಗುಮಾಸ್ತರು ನಿಯಮಾವಳಿಯನ್ನು ಬೆನ್ನು ತುರಿಸಿಕೊಳ್ಳಲು ಕೂಡ ಕೈಗೆಟುಕುವಲ್ಲಿ ಇಟ್ಟುಕೊಂಡಿರುವ ಮನುಷ್ಯ.

“ಇಲ್ಲೇ ಇದೆಯಲ್ಲ” ಎಂದರು ಅವರು. “ನಾವು ಅರವತ್ತನಾಲ್ಕು ಜನ. ದಿಕ್ಕಿಗೊಬ್ಬರಂತೆ ವರ್ಗವಾಗಿ ಬಂದವರು. ‘ಈ ಕಚೇರಿಯಲ್ಲಿ ನನಗೆ ಯಾವ ಸಂಬಂಧಿಕರೂ ಇರುವುದಿಲ್ಲ’ ಅಂತ ಪ್ರತಿಯೊಬ್ಬರೂ ಬರೆದುಕೊಟ್ಟಿದ್ದಾರೆ. ಮೂರು ಪ್ರತಿ. ಒಂದು ಪ್ರತಿಯನ್ನ ಇಲಿ ತಿಂದಿದೆ, ಎರಡು ಇವೆ.”

“ರಕ್ತ ಕೊಡ್ತಾರಾ?”

“ಅರ್ಧ ದಿನ ರಜೆ ಅಂತ ಸುತ್ತೋಲೆ ಹಾಕಿ ನೋಡು.”

ಸುತ್ತೋಲೆ ಹೊರಟ ಒಂದು ಗಂಟೆಯಲ್ಲಿ ಅರವತ್ತನಾಲ್ಕು ಜನ ತೋಳೊಡ್ಡಿ ಸಾಲು ನಿಂತರು. ಜೀಪಿನ ಡ್ರೈವರ್ ಎರಡು ಸಲ ಬಂದು, ಒಂದು ಪೂರ್ತಿ ದಿನ ಆಗುತ್ತದಲ್ಲ ಎಂದು ಕೇಳಿದ. ರಕ್ತವನ್ನು ಫ್ರಿಜ್ಜಿನ ಎಡಭಾಗದಲ್ಲಿಡಬೇಕೋ ಬಲಭಾಗದಲ್ಲಿಡಬೇಕೋ ಎಂಬ ಚರ್ಚೆ ನಾಲ್ಕು ದಿನ ನಡೆಯಿತು. ಅಷ್ಟರಲ್ಲಿ ರಕ್ತ ಬೇಕಾದಷ್ಟು ಹಳತಾಯಿತು.

ಫಲಿತಾಂಶ ಗೆರೆಯಮ್ಮ ನಿರೀಕ್ಷಿಸಿದಂತೆಯೇ ಬಂತು. ಮಸುಕು ಸೇರಿಸಿದರೆ ಜೋಡಿ ಗೆರೆಯವರು ಮೂವತ್ತೆರಡು; ಕಚೇರಿ ಪೂರ್ಣ ಸಮತೋಲನದಲ್ಲಿತ್ತು. ನಿಯಮ ಹದಿನಾಲ್ಕರಂತೆ ಬಿಟ್ಟರೆ ಹತ್ತೊಂಬತ್ತು. ಕೋಷ್ಟಕದ ಪ್ರಕಾರ ಸಿಬ್ಬಂದಿಯು ಬಾತುಗಳಿಗಿಂತಲೂ ಕೂದಲೆಳೆಯಷ್ಟು ಹೆಚ್ಚು ಹತ್ತಿರದ ಸಂಬಂಧಿಗಳು.

ಸಭೆ ಕರೆಯಲಾಯಿತು. ಗೆರೆಯಮ್ಮ ಎದ್ದು ನಿಂತು, ಎರಡು ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆದು, ಗೆದ್ದೆನೆಂಬ ಸಣ್ಣ ನಗೆಯನ್ನು ಅದುಮಿಕೊಂಡು ಹೇಳಿದಳು: “ನಾವು ಯಾರೂ ಯಾರಿಗೂ ಸಂಬಂಧ ಇಲ್ಲ ಅಂತ ನಮಗೆ ಗೊತ್ತು. ನಮ್ಮ ಪರೀಕ್ಷೆ ನಾವೆಲ್ಲ ಒಂದೇ ಮನೆಯವರು ಅಂತಿದೆ. ಅಂದ್ಮೇಲೆ ಏನರ್ಥ?”

ನಿರ್ದೇಶಕರು ಬಹಳ ಹೊತ್ತು ಬೋರ್ಡನ್ನು ನೋಡಿದರು. ಅವರ ಕಣ್ಣು ತುಂಬಿ ಬಂದದ್ದನ್ನು ಎಲ್ಲರೂ ಕಂಡರು.

“ಅರವತ್ತನಾಲ್ಕು ಜನ” ಎಂದರು ಅವರು. “ಒಬ್ಬರಿಗೊಬ್ಬರು ಯಾರು ಅಂತ ತಿಳಿಯದೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ವಿ.”

“ಸಾರ್, ಹಾಗಲ್ಲ—” ಎಂದಳು ಗೆರೆಯಮ್ಮ.

“ನನಗೆ ಈ ಮನುಷ್ಯನ್ನ ಕಂಡ್ರೆ ಮೊದಲ ದಿನದಿಂದ ಆಗ್ತಿರ್ಲಿಲ್ಲ” ಎಂದು ಡ್ರೈವರ್ ಹೆಡ್‌ಗುಮಾಸ್ತರ ಕಡೆ ಕೈ ತೋರಿಸಿದ. “ಸ್ವಂತ ಅಣ್ಣನ ಮೇಲೆ ಮಾತ್ರ ನನಗೆ ಅಷ್ಟು ಸಿಟ್ಟು ಬರೋದು. ಈಗ ಅರ್ಥ ಆಯ್ತು.”

ಯಾರೋ ಚಪ್ಪಾಳೆ ತಟ್ಟಿದರು. ಲೆಕ್ಕದ ವಿಭಾಗದ ಹೆಂಗಸೊಬ್ಬರು, ತಮಗೂ ನಿರ್ದೇಶಕರಿಗೂ ಕಿವಿ ಒಂದೇ ತರಹ ಇರುವುದನ್ನು ತಾವು ಎಂದೋ ಗಮನಿಸಿದ್ದಾಗಿ ಹೇಳಿದರು. ಉಳಿದವರೂ ಕಿವಿ ಮುಟ್ಟಿ ನೋಡಿಕೊಂಡರು.

ಗೆರೆಯಮ್ಮ ಸೀಮೆಸುಣ್ಣ ಹಿಡಿದು ಹಾಗೇ ನಿಂತಿದ್ದಳು. ಪರೀಕ್ಷೆ ತಪ್ಪೋ, ಅರವತ್ತನಾಲ್ಕು ಜನರ ವಂಶ ತಪ್ಪೋ ಎಂಬ ಎರಡು ದಾರಿಗಳಲ್ಲಿ ಕಚೇರಿ ಎರಡನೆಯದನ್ನು ಹಿಡಿದಾಗಿತ್ತು.

ಆದರೆ ಕೆಲಸದ ಒಂದು ತೊಡಕಿತ್ತು. ಸಂಬಂಧ ಇದೆಯೆಂದು ಪರೀಕ್ಷೆ ಹೇಳುತ್ತದೆ, ಯಾರು ಯಾರಿಗೆ ಏನೆಂದು ಹೇಳುವುದಿಲ್ಲ. ಇದಕ್ಕಾಗಿ ಸಂಬಂಧ ನಿಗದಿ ಸಮಿತಿ ರಚನೆಯಾಗಿ, ಮೂರು ದಿನದಲ್ಲಿ ಆದೇಶ ಹೊರಟಿತು. ಒಂದನೇ ದರ್ಜೆಯವರು ದೊಡ್ಡಪ್ಪ ಅಥವಾ ದೊಡ್ಡಮ್ಮ. ಎರಡನೇ ದರ್ಜೆಯವರು ಚಿಕ್ಕಪ್ಪ ಅಥವಾ ಚಿಕ್ಕಮ್ಮ. ಮೂರನೆಯವರು ಅಣ್ಣ, ಅಕ್ಕ. ನಾಲ್ಕನೆಯವರು ತಮ್ಮ, ತಂಗಿ. ಬಡ್ತಿ ಸಿಕ್ಕ ತಮ್ಮನು ಬಡ್ತಿಯ ದಿನಾಂಕದಿಂದ ಅಣ್ಣನಾಗತಕ್ಕದ್ದು. ದಿನಗೂಲಿಯವರನ್ನು ಹಂಗಾಮಿ ತಮ್ಮ ಎಂದು ಕರೆಯತಕ್ಕದ್ದು. ಎರಡು ವರ್ಷ ತೃಪ್ತಿಕರವಾಗಿ ನಡೆದುಕೊಂಡರೆ ಖಾಯಂ. ಐವತ್ತೆಂಟು ದಾಟಿದ ನಾಲ್ಕನೇ ದರ್ಜೆಯ ಕಾವಲುಗಾರನು ಇಪ್ಪತ್ತಾರರ ಗೆರೆಯಮ್ಮನನ್ನು ಅಕ್ಕಾ ಎಂದು ಕರೆದು, ವಾರದೊಳಗೆ ರೂಢಿ ಮಾಡಿಕೊಂಡ.

ನೋಟಿಸಿನಲ್ಲಿ ಒಂಬತ್ತು ದಿನ ಉಳಿದಿತ್ತು.

ಹೆಡ್‌ಗುಮಾಸ್ತರು ಗೆರೆಯಮ್ಮನ ಕೋಣೆಗೆ ಬಂದು, ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಎಚ್ಚರದಿಂದ ಕೂತರು. ಆದೇಶದ ಪ್ರಕಾರ ಅವರೀಗ ಚಿಕ್ಕಪ್ಪ.

“ಸಿಬ್ಬಂದಿ ವರದಿಗೆ ನಿನ್ನ ಸಹಿ ಇನ್ನೂ ಆಗಿಲ್ಲ ಮಗಳೇ.”

“ನಾನು ಹಾಕಲ್ಲ ಚಿಕ್ಕಪ್ಪ. ಅದು ತಪ್ಪು ಅಂತ ತೋರ್ಸೋಕೇ ನಾನು ಮಾಡಿದ್ದು. ನಿಮಗೂ ಗೊತ್ತು.”

“ನನಗೆ ಗೊತ್ತಿಲ್ಲ. ನನಗೆ ನಿಯಮ ಮಾತ್ರ ಗೊತ್ತಿರೋದು.” ಅವರು ಬಗಲಿನಿಂದ ನಿಯಮಾವಳಿ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. “ಇಪ್ಪತ್ತೊಂಬತ್ತು ಕೇಳು. ‘ನೌಕರನು ತನ್ನ ಸಂಬಂಧಿಕರ ಕಡತವನ್ನು ತೆರೆಯತಕ್ಕದ್ದಲ್ಲ, ಓದತಕ್ಕದ್ದಲ್ಲ, ಸಹಿ ಮಾಡತಕ್ಕದ್ದಲ್ಲ, ಇನ್ನೊಬ್ಬರ ಮೇಜಿಗೆ ದಾಟಿಸತಕ್ಕದ್ದೂ ಅಲ್ಲ.’ ಆ ಬಾತಿನ ಹೆಂಗಸು ನಿನಗೇನಾಗಬೇಕು?”

“ದೊಡ್ಡಮ್ಮ. ಆದ್ರೆ ನಾನೊಬ್ಬಳು ಕೈ ತೊಳಕೊಂಡ್ರೆ ಏನು ಬಂತು? ಬರಖಾಸ್ತಿಗೆ ಸಹಿ ಹಾಕೋಕೆ ಇನ್ನೂ ಅರವತ್ತಮೂರು ಜನ ಇದ್ದಾರೆ.”

“ಆ ಅರವತ್ತಮೂರು ಜನ ನಿನಗೇನಾಗಬೇಕು?”

ಗೆರೆಯಮ್ಮ ಗೋಡೆಗೆ ಅಂಟಿಸಿದ್ದ ಸಂಬಂಧ ನಿಗದಿ ಆದೇಶದ ಕಡೆ ತಿರುಗಿ ನೋಡಿದಳು.

“ನಿನಗೆ ದೊಡ್ಡಮ್ಮ ಅಂದ್ರೆ ನನಗೆ ಅತ್ತಿಗೆ” ಎಂದರು ಹೆಡ್‌ಗುಮಾಸ್ತರು, ನಿರ್ವಿಕಾರವಾಗಿ. “ಅತ್ತಿಗೆಯ ಕಡತ ನಾನು ಮುಟ್ಟೋ ಹಾಗಿಲ್ಲ. ಯಾರೂ ಮುಟ್ಟೋ ಹಾಗಿಲ್ಲ. ಆದ್ರೆ ನಾವು ಸಂಬಂಧಿಕರು ಅನ್ನೋದಕ್ಕೆ ಇರೋ ಒಂದೇ ದಾಖಲೆ ಈ ವರದಿ. ನೀನು ಸಹಿ ಹಾಕದಿದ್ರೆ ನಾವೆಲ್ಲ ಪರಕೀಯರು. ಪರಕೀಯರು ಗುರುವಾರ ಬೆಳಿಗ್ಗೆ ಹತ್ತಕ್ಕೆ ಜೀಪು ತಗೊಂಡು ಬಾತು ಹಿಡಿಯೋಕೆ ಹೋಗ್ತಾರೆ. ಇನ್ನೂರು ಬಾತಿಗೆ ಇಪ್ಪತ್ತು ಮನೆ ಹುಡುಕಿ, ಅವರಿಗೆ ಪರಿಚಯ ಇಲ್ಲ ಅಂತ ಪರಿಚಯ ಮಾಡಿಸಿ, ಸಹಿ ತಗೊಳ್ಳೋನು ನಾನು. ಹೋದ ಸಲ ಸೊಂಟ ಹಿಡಕೊಂಡಿದ್ದು ಇನ್ನೂ ಬಿಟ್ಟಿಲ್ಲ.”

ಅವರು ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಹೋದರು.

ಗೆರೆಯಮ್ಮ ಗಾಜಿನ ಮೇಜಿನ ದೀಪ ಹಾಕಿದಳು. ಸಿಬ್ಬಂದಿಯ ಜೆಲ್ಲು ಅಲ್ಲೇ ಇತ್ತು. ಹದಿಮೂರು ಮಸುಕು ಗೆರೆಗಳು. ಅವುಗಳಲ್ಲಿ ಒಂದು ಅವಳದೇ. ಅದು ಅವಳ ತಂದೆಯದೋ ತಾಯಿಯದೋ. ಇಬ್ಬರಲ್ಲಿ ಒಬ್ಬರು ಬಿಟ್ಟುಹೋದದ್ದು. ಅದನ್ನು ಇಲ್ಲವೆಂದು ಬರೆದರೆ ದೊಡ್ಡಮ್ಮನ ಹಿತ್ತಲಿನಲ್ಲಿ ಬಾತುಗಳಿರುತ್ತವೆ. ಇದೆಯೆಂದು ಬರೆದರೆ ಎರಡು ವರ್ಷದಲ್ಲಿ ಉತ್ತರ ಬರುತ್ತದೆ. ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕೈಬರಹ ಎಂದಿನಂತೆ ಚೆನ್ನಾಗಿಯೇ ಬಂತು.

ಗುರುವಾರ ಜೀಪು ಹೊರಡಲಿಲ್ಲ. ನಾನೂರ ಏಳನೆಯ ಕಡತ ಯಾವ ಮೇಜಿನ ಮೇಲಿತ್ತೋ ಆ ಮೇಜಿನ ಮೇಲೇ ಉಳಿಯಿತು. ಅದನ್ನು ಎತ್ತಿ ಕಪಾಟಿಗೆ ಹಾಕುವುದೂ ಮುಟ್ಟಿದಂತೆಯೇ ಆದ್ದರಿಂದ, ಆ ಮೇಜಿನ ಗುಮಾಸ್ತೆ ತಮ್ಮ ಕುರ್ಚಿಯನ್ನು ಬೇರೆ ಕಡೆ ಹಾಕಿಕೊಂಡರು. ನೆರೆಯ ಜಿಲ್ಲೆಯ ಕಚೇರಿಯವರೇ ಬಂದು ಕಡತ ಎತ್ತಿಕೊಂಡು ಹೋಗಲೆಂದು ನಿರ್ದೇಶಕರು ಯೋಚಿಸಿದರು. ಮೊದಲು ಅಲ್ಲಿನವರು ಸಂಬಂಧಿಕರಲ್ಲವೆಂದು ಖಚಿತಪಡಿಸಿಕೊಳ್ಳಲು ಅಲ್ಲಿನ ಐವತ್ತೆರಡು ಜನರ ರಕ್ತ ತರಿಸಲಾಯಿತು. ಅವರೂ ಸಂಬಂಧಿಕರೇ ಆಗಿದ್ದರು. ಎರಡು ಕಚೇರಿಗಳ ನಡುವೆ ಹಲವು ವರ್ಷಗಳಿಂದಿದ್ದ ಮನಸ್ತಾಪವನ್ನು ಇದು ವಿವರಿಸಿತು.

ದೊಡ್ಡಮ್ಮ ಒಂದು ದಿನ ಬುಟ್ಟಿ ತುಂಬ ಮೊಟ್ಟೆ ಹೊತ್ತು ಕಚೇರಿಗೆ ಬಂದಳು. ನಿರ್ದೇಶಕರು ಎದ್ದು ನಿಂತು, “ಬನ್ನಿ ಅಕ್ಕ” ಎಂದು ಕುರ್ಚಿ ಕೊಟ್ಟರು. ಡ್ರೈವರ್ ಕಾಲಿಗೆ ಬಿದ್ದ. ಅವಳು ಗಾಬರಿಯಾಗಿ ಸೊಸೆಯನ್ನು ಹುಡುಕುವ ಅತ್ತೆಯಂತೆ ಸುತ್ತ ಕಣ್ಣಾಡಿಸಿ, ಹಿಂಬದಿಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

“ಏನೇ ಪುಟ್ಟಿ, ಇವರೆಲ್ಲ ನಮಗೇನಾಗಬೇಕೇ?”

“ನೆಂಟರು ದೊಡ್ಡಮ್ಮ.”

“ನಿಜವಾಗ್ಲೂ?”

“ವರದಿ ಇದೆ.”

“ನಿಮ್ಮ ದೊಡ್ಡಪ್ಪ ಸತ್ತಾಗ ಒಬ್ಬರೂ ಬರ್ಲಿಲ್ಲವಲ್ಲೇ!”

“ಆಗ ವರದಿ ಬಂದಿರ್ಲಿಲ್ಲ.”

ದೊಡ್ಡಮ್ಮ ಬುಟ್ಟಿ ಎತ್ತಿಕೊಂಡಳು. “ಹಾಗಾದ್ರೆ ಪಾಪ, ಅವರದ್ದೇನು ತಪ್ಪು” ಎಂದು ಹೊರಗೆ ಹೋಗಿ ಮೊಟ್ಟೆ ಹಂಚಿದಳು. ಹಂಚುವಾಗ ನಿರ್ದೇಶಕರಿಗೆ, “ಏನೋ ಹೀಗೆ ಸೊರಗಿದೀಯ” ಎಂದಳೆಂದು ಕೇಳಿದವರು ಹೇಳುತ್ತಾರೆ.

ಸುದ್ದಿ ಊರಿಗೆ ಹಬ್ಬಲು ಎರಡು ದಿನ ಸಾಕಾಯಿತು. ಮೂರನೆಯ ದಿನ ಬೆಳಿಗ್ಗೆ ಗೇಟಿನ ಮುಂದೆ, ನೋಟಿಸು ಕೈಯಲ್ಲಿ ಹಿಡಿದ ಕೋಳಿ ಸಾಕುವವನೊಬ್ಬ ಅಂಗಿತೋಳು ಮೇಲೆತ್ತಿ ನಿಂತಿದ್ದ.

“ಅಕ್ಕಾ, ನನ್ನದೂ ಒಂದು ಸ್ವಲ್ಪ ರಕ್ತ ನೋಡಿಬಿಡಿ. ನನಗೆ ಮೊದಲಿಂದ್ಲೂ ನಿಮ್ಮ ಕಡೆಯವನು ಅಂತ ಅನ್ನಿಸ್ತಾ ಇತ್ತು.”

ಒಬ್ಬನನ್ನೇ ಪರೀಕ್ಷಿಸಿದರೆ ಲೆಕ್ಕಕ್ಕೆ ಬರುವುದಿಲ್ಲವೆಂದು ಗೆರೆಯಮ್ಮ ತಿಳಿಸಿದಳು. ಹೆಡ್‌ಗುಮಾಸ್ತರು ದಾರಿ ಕಂಡುಹಿಡಿದರು: ಅರ್ಜಿದಾರನನ್ನು ಸಿಬ್ಬಂದಿಯ ಜೊತೆ ಸೇರಿಸಿ ಎಣಿಸುವುದು; ಒಟ್ಟು ಗುಂಪು ಫೇಲಾದರೆ ಅವನೂ ನೆಂಟ. ಅರವತ್ತೈದು ಜನ ಫೇಲಾದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಯ ತಿರುವು ದಾಟಿತ್ತು. ವಾರ ಕಳೆಯುವಷ್ಟರಲ್ಲಿ ಹಕ್ಕಿ ಸಾಕದವರೂ ಬರತೊಡಗಿದರು. ಬಾಡಿಗೆಯ ವ್ಯಾಜ್ಯವಿದ್ದ ಇಬ್ಬರು ಒಟ್ಟಿಗೆ ಬಂದು ದಾಯಾದಿಗಳಾಗಿ ಹೋದರು. ಮೀಸೆಯ ಮುದುಕರೊಬ್ಬರು, ತಮಗೆ ಯಾವ ಕಡತವೂ ಇಲ್ಲ, ಭಾನುವಾರ ಹೋಗಿ ಕೂರಲು ಒಂದು ಮನೆ ಬೇಕಾಗಿತ್ತು ಎಂದರು. ಅವರಿಗೆ ಇಪ್ಪತ್ತಾರು ಮನೆ ಸಿಕ್ಕಿತು.

ಬೇಡಿಕೆ ಹೆಚ್ಚಿದ್ದರಿಂದ ಕಚೇರಿ ಪ್ರಕಟಣೆ ಹೊರಡಿಸಿತು: “ಸಾರ್ವಜನಿಕರು ನೆಂಟಸ್ತಿಕೆಗಾಗಿ ನೂಕುನುಗ್ಗಲು ಮಾಡಬಾರದು. ಎಲ್ಲರಿಗೂ ಸಿಗುತ್ತದೆ. ತಾಜಾ ರಕ್ತ ತರುವವರ ಅರ್ಜಿಯನ್ನು ನಾಲ್ಕು ದಿನ ತಡೆಹಿಡಿಯಲಾಗುವುದು.”

ಹೀಗೆ ಒಂದು ವರ್ಷ ಕಳೆಯಿತು. ಕಚೇರಿಯಲ್ಲಿ ಒಂದು ಕಡತವೂ ಅಲುಗಲಿಲ್ಲ. ಊರಿನ ಬಾತು ಕೋಳಿಗಳು ಸಂಖ್ಯೆಯಲ್ಲಿ ಇಮ್ಮಡಿಯಾಗಿ, ನೆಮ್ಮದಿಯಿಂದ ಓಡಾಡಿಕೊಂಡಿದ್ದವು. ಗೆರೆಯಮ್ಮನಿಗೆ ಬಡ್ತಿ ಸಿಕ್ಕಿ ಅವಳು ಚಿಕ್ಕಮ್ಮನಾದಳು. ದಿನಕ್ಕೆ ನಲವತ್ತು ಜೆಲ್ಲು ಓದುತ್ತಿದ್ದಳು. ಮೊದಮೊದಲು ಮಸುಕು ಗೆರೆಯ ಹತ್ತಿರ ಬಂದಾಗ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲಾಮೇಲೆ ನಿಲ್ಲುತ್ತಿರಲಿಲ್ಲ.

ಒಂದು ವರ್ಷದಿಂದ ಒಂದೂ ಆದೇಶ ಹೊರಡದಿರುವುದನ್ನು ಗಮನಿಸಿದ ಕೇಂದ್ರ ಕಚೇರಿ ಒಬ್ಬ ತಪಾಸಣಾಧಿಕಾರಿಯನ್ನು ಕಳಿಸಿತು. ಎರಡು ದಿನ ರೈಲಿನಲ್ಲಿ ಕೂತು ಬಂದ ಮನುಷ್ಯ. ಕೈಯಲ್ಲಿ ಚರ್ಮದ ಚೀಲ, ಮುಖದಲ್ಲಿ ಯಾರನ್ನೂ ನಂಬದ ಕಳೆ. ಬಂದವರೇ, “ಎಲ್ಲಿ ಕಡತಗಳು?” ಎಂದರು.

“ತೋರ್ಸೋಣ ಸಾರ್” ಎಂದರು ಹೆಡ್‌ಗುಮಾಸ್ತರು. “ಇಪ್ಪತ್ತೊಂಬತ್ತನೇ ನಿಯಮ ಇದೆ. ಮೊದಲು ತಾವು ನಮಗೆ ಸಂಬಂಧಿಕರಲ್ಲ ಅಂತ ಖಾತ್ರಿ ಆಗಬೇಕು. ಬರೀ ಶಾಸ್ತ್ರಕ್ಕೆ.”

“ಹುಚ್ಚಾ? ನಾನು ಈ ಕಡೆಗೆ ಕಾಲಿಟ್ಟಿದ್ದೇ ಇವತ್ತು.”

“ನಮ್ಮ ಗಂಡು ಬಾತುಗಳೂ ಹಾಗೇ ಅಂತಿದ್ವು” ಎಂದರು ನಿರ್ದೇಶಕರು.

ನಿಯಮವೆಂದರೆ ನಿಯಮ, ತಪಾಸಣಾಧಿಕಾರಿ ಅಂಗಿತೋಳು ಮಡಚಿದರು. ನಾಲ್ಕು ದಿನ ಅತಿಥಿಗೃಹದಲ್ಲಿದ್ದರು. ಅಷ್ಟು ದಿನವೂ ಒಬ್ಬೊಬ್ಬರು ಒಂದೊಂದು ಹೊತ್ತು ಅವರನ್ನು ಮನೆಗೆ ಊಟಕ್ಕೆ ಕರೆದೊಯ್ದರು. ದೊಡ್ಡಮ್ಮನ ಮನೆಯಲ್ಲಿ ಅವರು ಎರಡನೆಯ ಸಲ ಬಡಿಸಿಕೊಂಡು, ಚಾಪೆಯ ಮೇಲೆ ಸಂಜೆಯವರೆಗೆ ನಿದ್ದೆ ಮಾಡಿದರು. ತಮ್ಮ ಊರಿನಲ್ಲಿ ಹೆಂಡತಿಯ ಕಡೆಯವರು ಯಾರೂ ಮಾತಾಡಿಸುವುದಿಲ್ಲವೆಂದು ಕುಂಟಗಾಲಿನ ಬಾತಿನ ಮುಂದೆ ಹೇಳಿಕೊಂಡರಂತೆ.

ಐದನೆಯ ದಿನ ಗಾಜಿನ ಮೇಜಿನ ಮುಂದೆ ಅವರು ಗೆರೆಯಮ್ಮನ ಹೆಗಲ ಹಿಂದೆ ಬಂದು ನಿಂತು ಬಗ್ಗಿ ನೋಡಿದರು. ಅವರು ಕೆಲಸ ಬಲ್ಲವರು.

“ಇದು ನನ್ನದಾ? ಮೇಲೆ ಇನ್ನೊಂದು ಗೆರೆ ಇದ್ದ ಹಾಗಿದೆಯಲ್ಲಮ್ಮ?”

“ಎಲ್ಲಿ?”

“ಇಲ್ಲಿ. ಮಸುಕಾಗಿ.”

ಗೆರೆಯಮ್ಮ ಭೂತಗನ್ನಡಿ ತೆಗೆದುಕೊಂಡಳು. ಹಾಳೆಯ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಅವರು ಬೆರಳಿಟ್ಟ ಜಾಗವನ್ನು ಪ್ರಾಮಾಣಿಕವಾಗಿ, ಬಹಳ ಹೊತ್ತು ಹುಡುಕಿದಳು.

“ಏನೂ ಕಾಣ್ತಿಲ್ಲ ದೊಡ್ಡಪ್ಪ” ಎಂದಳು.

ತಪಾಸಣಾಧಿಕಾರಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಬಾಗಿಲಲ್ಲಿ ಅರವತ್ತಮೂರು ಜನ ಉಸಿರು ಹಿಡಿದು ನಿಂತಿದ್ದರು.

“ಹೌದು” ಎಂದರು ಅವರು, ಕನ್ನಡಕ ಜೇಬಿಗೆ ಹಾಕಿ ಅಂಗಿತೋಳು ಇಳಿಸಿಕೊಳ್ಳುತ್ತ. “ಈಗ ನನಗೂ ಕಾಣ್ತಿಲ್ಲ. ಇವತ್ತು ಊಟ ಯಾರ ಮನೇಲಿ?”